ಕೊಯಾಲಿಯ ಕೆಸರಿಗೆ ಬೆಂಗಳೂರಿನ ನಂಟು

ಕ್ರಿಮಿನಾಶಕವನ್ನೇ ಊಟ ಮಾಡುವ ಕ್ರಿಮಿಗಳಿವೆ ಎಂದರೆ ನಂಬುತ್ತೀರಾ? ಫಿನಾಲ್ ಅಂತ ಒಂದು ರಾಸಾಯನಿಕ. ಹಳೇ ಹೆಸರು ಕಾರ್ಬಾಲಿಕ್ ಆಮ್ಲ. 1865ರಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್ ಗಾಯಕ್ಕೆ ನಂಜೇರದಂತೆ ಬಳಸಿ ಹೆಸರಾದದ್ದು ಇದನ್ನೇ. ಅದೇ ಫಿನಾಲನ್ನು ತೈಲ ಸಂಸ್ಕರಣಾಗಾರಗಳ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಾಗಳು ಹಗಲೂ ರಾತ್ರಿ ಚಪ್ಪರಿಸುತ್ತಿವೆ!

ವಡೋದರಾ ಪಕ್ಕದ ಕೊಯಾಲಿಯನ್ನೇ ನೋಡಿ. ಇಂಡಿಯನ್ ಆಯಿಲ್‌ನ ಗುಜರಾತ್ ರಿಫೈನರಿ ಇರುವುದು ಇಲ್ಲಿ. ಸೋವಿಯತ್ ನೆರವಿನಿಂದ ಕಟ್ಟಿ, 1965ರಲ್ಲಿ ಚಾಲೂ ಮಾಡಿದ್ದು. ಮರುವರ್ಷ ಅದನ್ನು ದೇಶಕ್ಕೆ ಅರ್ಪಿಸಿದವರು ರಾಷ್ಟ್ರಪತಿ ರಾಧಾಕೃಷ್ಣನ್.  ಈ ರಿಫೈನರಿಯ ಸಾಮರ್ಥ್ಯ ವರ್ಷಕ್ಕೆ ಒಂದು ಕೋಟಿ ಟನ್ ಕಚ್ಚಾತೈಲಕ್ಕೂ ಮಿಗಿಲು.

ಎಣ್ಣೆ ಕಾರ್ಖಾನೆಗೆ ನೀರೇಕೆ ಎನ್ನಬೇಡಿ. ಎಣ್ಣೆಯಷ್ಟೇ ನೀರಿನ ಕಾರುಬಾರೂ ಅಲ್ಲಿದೆ. ನೆಲದಾಳದಿಂದ ಬರುವ ಕಚ್ಚಾತೈಲ ಉಪ್ಪುಪ್ಪು. ಅದನ್ನು ಮೊದಲು ನೀರಿನಲ್ಲಿ ತೊಳೆಯಬೇಕು. ಕಾಯಿಸಿ ಬೇರ್ಪಡಿಸುವಾಗ ಉಗಿ ಬೇಕು, ತಣಿಸಲು ಕೂಲಿಂಗ್ ಟವರ್ ಬೇಕು. ಈ ಕೆಲಸಗಳನ್ನೆಲ್ಲ ಮುಗಿಸಿ ಹೊರಬರುವ ನೀರಿನ ಮೈತುಂಬ ಎಣ್ಣೆ, ಗಂಧಕದ ನಾತ, ಅಮೋನಿಯಾ, ಫಿನಾಲ್. ಅದನ್ನು ಏನು ಮಾಡುವುದು?

ಒಂದು ಕಾಲದ ಉತ್ತರ: ದೂರ ಕಳಿಸುವುದು. ವಡೋದರಾ ಸುತ್ತಿನ ಉದ್ದಿಮೆಗಳು ಶುದ್ಧೀಕರಿಸಿ ಬಿಟ್ಟ ನೀರನ್ನು ಸಾಗಿಸಲೆಂದೇ 1983ರಲ್ಲಿ ಒಂದು ಕಾಲುವೆ ಶುರುವಾಯಿತು. ಸುಮಾರು 55 ಕಿಲೋಮೀಟರ್ ಉದ್ದ! ಹೊಲಗದ್ದೆಗಳ ನಡುವೆ ಹಾದು, ಜಂಬೂಸರ್ ತಾಲ್ಲೂಕಿನ ಸಾರೋದ್ ಬಳಿ ಮಾಹಿ ನದಿಯ ಅಳಿವೆಯಲ್ಲಿ ಅದನ್ನು ಸಮುದ್ರಕ್ಕೆ ಮುಟ್ಟಿಸುವ ಏರ್ಪಾಡು. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. ಆದರೆ ಸೆಕೆ ನಾಡಿನಲ್ಲಿ ನದಿಯಿಂದ ಎತ್ತಿದ ನೀರನ್ನು ಒಂದೇ ಸಲ ಬಳಸಿ ಸಮುದ್ರಕ್ಕೆ ಕಳಿಸುವುದು ದುಂದು ಎಂದು ಈಗ ಅನ್ನಿಸದಿರದು.

ಈಗಿನ ಉತ್ತರದ ಚಂದವೇ ಬೇರೆ: ಆವರಣ ಬಿಟ್ಟು ಹೋಗುವ ಮೊದಲೇ ನೀರನ್ನು ಮತ್ತೆ ಕೆಲಸಕ್ಕೆ ಹಚ್ಚುವುದು. ರಿಫೈನರಿಗಳಲ್ಲಿ ಮೊದಲು ನೀರನ್ನು ಸುಮ್ಮನೆ ನಿಲ್ಲಿಸುತ್ತಾರೆ. ತೇಲಿದ ಎಣ್ಣೆಯನ್ನು ಕೆನೆ ತೆಗೆದು ಕಚ್ಚಾತೈಲದ ಜೊತೆ ಮತ್ತೆ ಬಟ್ಟಿಗೆ ಹಾಕುತ್ತಾರೆ. ಹಠ ಹಿಡಿದು ಉಳಿದ ಎಣ್ಣೆಯ ಕಣಗಳಿಗೆ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಅಂಟಿಸಿ ಮೇಲೇರಿಸುತ್ತಾರೆ. ಆಮೇಲೆ ಬರುತ್ತದೆ ನೋಡಿ, ಆ ಕಂದು ಬಣ್ಣದ ತೊಟ್ಟಿ! ಬ್ಲೋಅರ್‌ಗಳು ಅಡಿಯಿಂದ ಗಾಳಿ ಊದುತ್ತವೆ, ಇಡೀ ತೊಟ್ಟಿ ಕುದಿಯುವಂತೆ ಕಾಣುತ್ತದೆ, ಆದರೆ ಒಲೆಯಿಲ್ಲ. ಆ ರಾಡಿಯೇ ಜೀವಂತ. ಕೋಟಿ ಕೋಟಿ ಬ್ಯಾಕ್ಟೀರಿಯಾಗಳು ಅಲ್ಲಿ ಫಿನಾಲನ್ನು ಒಡೆದು ಇಂಗಾಲದ ಡೈಆಕ್ಸೈಡ್ ಮತ್ತು ನೀರು ಮಾಡುತ್ತವೆ. ಇನ್ನೊಂದು ಪಂಗಡ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತದೆ. ಒಂದೇ ಷರತ್ತು: ವಿಷ ಸ್ವಲ್ಪಸ್ವಲ್ಪವೇ ಬಂದು ರೂಢಿಯಾಗಬೇಕು. ಒಮ್ಮೆಲೇ ಸುರಿದರೆ ಇವೂ ಸಾಯುತ್ತವೆ.

ಈ ಕೆಸರಿನ ಗುಟ್ಟು ಸಿಕ್ಕಿದ ಕಥೆಯಂತೂ ಮೈ ಜುಮ್ಮೆನ್ನಿಸುತ್ತದೆ. ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞ ಮ್ಯಾಂಚೆಸ್ಟರ್ ನಗರಪಾಲಿಕೆಯ ಸಲಹೆಗಾರ. 1912ರಲ್ಲಿ ಅಮೆರಿಕಕ್ಕೆ ಹೋದವರು ಲಾರೆನ್ಸ್ ಎಂಬಲ್ಲಿ ಕೊಳಚೆ ನೀರಿಗೆ ಗಾಳಿ ಊದುವ ಪ್ರಯೋಗ ಕಂಡು ಬಂದರು. ಊರಿಗೆ ಮರಳಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರಿಗೆ ಅದೇ ಕೆಲಸ ಹಚ್ಚಿದರು. ಬಾಟಲಿಯ ಕೊಳಚೆಗೆ ಗಾಳಿ ಊದಿದ್ದೇ ಊದಿದ್ದು. ಅಮೋನಿಯಾ ಪೂರಾ ನೈಟ್ರೇಟ್ ಆಗಲು ಸುಮಾರು ಐದು ವಾರ ಹಿಡಿಯಿತು. ಯಾರಿಗೆ ಬೇಕು ಅಂಥ ಉಪಾಯ! ಆಗ ಅವರು ಮಾಡಿದ್ದಿಷ್ಟೇ: ತಿಳಿನೀರನ್ನು ಬಸಿದು, ತಳದ ಕೆಸರನ್ನು ಚೆಲ್ಲದೆ ಉಳಿಸಿಕೊಂಡು, ಅದರ ಮೇಲೆ ಹೊಸ ಕೊಳಚೆ ಸುರಿದರು. ನಮ್ಮ ಮನೆಗಳಲ್ಲಿ ನಿನ್ನೆಯ ಮೊಸರು ಒಂದಿಷ್ಟು ಉಳಿಸಿ ಇಂದಿನ ಹಾಲಿಗೆ ಹೆಪ್ಪು ಹಾಕುವುದಿಲ್ಲವೆ, ಥೇಟ್ ಹಾಗೆ. ಮತ್ತೆ ಮತ್ತೆ ಹೀಗೆ ಮಾಡುತ್ತ ಹೋದಂತೆ ಐದು ವಾರದ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು! 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನಲ್ಲಿ ಆ ಇಬ್ಬರೂ ಪ್ರಬಂಧ ಓದಿದರು. ಪ್ರಬಂಧಕ್ಕೆ ಫೌಲರ್ ತಮ್ಮ ಹೆಸರು ಹಾಕಿಕೊಳ್ಳಲಿಲ್ಲ.

ಆಮೇಲೆ ಅವರು ಹೋದದ್ದು ಎಲ್ಲಿಗೆ ಬಲ್ಲಿರಾ? ಬೆಂಗಳೂರಿಗೆ! 1916ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಊರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಪ್ರಾಧ್ಯಾಪಕರಾಗಿ ಬಂದರು. 1921ರಲ್ಲಿ ಅಲ್ಲಿ ಆರಂಭವಾದ ಜೀವರಸಾಯನ ವಿಭಾಗದ ಮೊದಲ ಮುಖ್ಯಸ್ಥರೂ ಅವರೇ. ಯಶವಂತಪುರದ ಕಡೆ ಹೋಗುವ ಬಸ್ಸಿನಲ್ಲಿ ಆ ಗೇಟು ದಾಟುವ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು?

ಆ ಕೆಸರಿನ ಮೊಮ್ಮಕ್ಕಳು ಈಗ ಎಲ್ಲೆಲ್ಲೂ ಇದ್ದಾರೆ. ಸೂರತ್ ನಗರಪಾಲಿಕೆ ಬಮ್ರೋಲಿಯಲ್ಲಿ ದಿನಕ್ಕೆ 4 ಕೋಟಿ ಲೀಟರ್ ಕೊಳಚೆ ನೀರನ್ನು ಇನ್ನಷ್ಟು ಸೋಸಿ, 2014ರಿಂದ ಪಾಂಡೇಸರದ ಬಟ್ಟೆ ಗಿರಣಿಗಳಿಗೆ ಮಾರುತ್ತಿದೆ. ಊರಿನ ಬಚ್ಚಲ ನೀರಿನಲ್ಲಿ ಸೀರೆಗೆ ಬಣ್ಣ! ಬೆಂಗಳೂರಿನಲ್ಲೋ, ಮಾಲ್, ಆಸ್ಪತ್ರೆ, ಟೆಕ್ ಪಾರ್ಕ್, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರಿನ ಶುದ್ಧೀಕರಣ ಘಟಕ, ಗುಂಯ್‌ಗುಡುತ್ತಿದೆ. ಅದರ ನೀರೇ ಫ್ಲಷ್‌ಗೆ, ತೋಟಕ್ಕೆ, ಎ.ಸಿ.ಯ ಕೂಲಿಂಗ್ ಟವರಿಗೆ. 2024ರ ಬರಗಾಲದಲ್ಲಿ ಅಪಾರ್ಟ್‌ಮೆಂಟುಗಳು ಹೆಚ್ಚಾದ ಸಂಸ್ಕರಿತ ನೀರನ್ನು ಮಾರಲೂ ಸರ್ಕಾರ ಅನುಮತಿ ಕೊಟ್ಟಿತು.

ಇದು ಪುಕ್ಕಟೆಯೇನಲ್ಲ. ಬ್ಲೋಅರ್ ಕರೆಂಟು ತಿನ್ನುತ್ತದೆ. ಉಪ್ಪು ಸೋಸಲು ಆರ್‌ಓ ಹಾಕಿದರೆ ಕಡೆಗೆ ಉಪ್ಪಿನ ನೀರು ಉಳಿಯುತ್ತದೆ, ಅದರ ಗತಿ ಬೇರೆ ನೋಡಬೇಕು. ಕರೆಂಟು ಉಳಿಸಲು ರಾತ್ರಿ ಗಾಳಿ ನಿಲ್ಲಿಸುವ ಜಾಣರೂ ಇದ್ದಾರೆ. ಕೆಲವೇ ಗಂಟೆಗಳಲ್ಲಿ ಬ್ಯಾಕ್ಟೀರಿಯಾಗಳು ಉಸಿರುಗಟ್ಟುತ್ತವೆ, ನಾತ ಮೂರನೇ ಮಹಡಿಗೆ ಏರುತ್ತದೆ.

ನಿಮ್ಮ ಕಟ್ಟಡದಲ್ಲೂ ಎಸ್‌ಟಿಪಿ ಇದ್ದರೆ ಒಮ್ಮೆ ಕೆಳಗಿಳಿಯಿರಿ. ಗಾಳಿ ತೊಟ್ಟಿಯ ಕಂದು ನೀರನ್ನು ಒಂದು ಲೀಟರಿನ ಗಾಜಿನ ಜಾರಿನಲ್ಲಿ ಹಿಡಿದು ತೋರಿಸಿ ಎಂದು ಆಪರೇಟರ್ ಅವರನ್ನು ಕೇಳಿ. ಅರ್ಧ ಗಂಟೆ ಅಲುಗಿಸದೆ ಇಟ್ಟರೆ ಕೆಸರು ತಾನಾಗಿ ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲಬೇಕು. ನಿಲ್ಲದಿದ್ದರೆ ನಿವಾಸಿಗಳ ಸಂಘದ ಮುಂದಿನ ಸಭೆಯಲ್ಲಿ ಕೇಳಿ. ಅಲ್ಲಿಯವರೆಗೆ ದಯವಿಟ್ಟು ಆಸಿಡ್, ಬ್ಲೀಚಿಂಗ್ ಪೌಡರ್, ಕರಿದ ಎಣ್ಣೆ ಇವನ್ನು ಬಚ್ಚಲಿಗೂ ಸಿಂಕಿಗೂ ಸುರಿಯಬೇಡಿ.