ಶಹಾಬಾದ ಕಲ್ಲಿನ ನೆಲವನ್ನು ಕೀಳುವ ಮುನ್ನ

ಆಳಂದ, ಅಫಜಲಪುರ, ಜೇವರ್ಗಿಗಳಂತಹ ಊರುಗಳಲ್ಲಿ ಹಿರಿಯರು ಕಟ್ಟಿಸಿದ ಹಳೆಯ ಮನೆಯನ್ನು ಹೊಕ್ಕರೆ ಅನೇಕ ಕಡೆ ಮೊದಲು ಕಾಲಿಗೆ ತಾಕುವುದು ಬೂದು ಬಣ್ಣದ ತಣ್ಣನೆಯ ಹಾಸುಗಲ್ಲು. ಇದನ್ನು ಜನರು ಫರಸಿ ಎಂದೂ ಶಹಾಬಾದ ಕಲ್ಲು ಎಂದೂ ಕರೆಯುತ್ತಾರೆ. ಬೇಸಿಗೆಯಲ್ಲಿ ಹೊರಗಿನ ಉಷ್ಣತೆ ೪೦ ಡಿಗ್ರಿ ಸೆಲ್ಸಿಯಸ್ಸನ್ನು ದಾಟಿದಾಗ ಪಡಸಾಲೆಯ ಈ ಕಲ್ಲಿನ ಮೇಲೆ ಬೆನ್ನು ಚಾಚುವ ಸುಖವನ್ನು ಆ ಸೀಮೆಯವರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ.

ಆದರೆ ಕಾಲ ಕಳೆದಂತೆ ಕಲ್ಲುಗಳು ಅಲುಗಾಡತೊಡಗುತ್ತವೆ. ಕೆಲವು ತಗ್ಗುತ್ತವೆ, ಕೆಲವು ಏಳುತ್ತವೆ. ಸಂದುಗಳಲ್ಲಿ ಇರುವೆಗಳು ಮಣ್ಣು ಎತ್ತುತ್ತವೆ. ಮಳೆಗಾಲದಲ್ಲಿ ತೇವ ಮೂಡುತ್ತದೆ. ಮನೆಯ ಹಿರಿಯರು ಎಡವುತ್ತಾರೆ. ಆಗ ಪ್ರಶ್ನೆಯೊಂದು ಏಳುತ್ತದೆ: ಈ ನೆಲವನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಬೇಕೆ, ಅಥವಾ ಇದನ್ನೇ ಸರಿಪಡಿಸಬೇಕೆ? ಇದು ಹಣದ ಪ್ರಶ್ನೆಯಷ್ಟೇ ಅಲ್ಲ. ರೋಗವೇನೆಂದು ತಿಳಿಯದೆ ಮದ್ದು ಕೊಟ್ಟರೆ ಹಣವೂ ಹೋಗುತ್ತದೆ, ರೋಗವೂ ಉಳಿಯುತ್ತದೆ.

ಕಲ್ಲಿನ ಹುಟ್ಟು

ಶಹಾಬಾದ ಕಲ್ಲು ಒಂದು ಬಗೆಯ ಸುಣ್ಣಕಲ್ಲು. ಚಿಪ್ಪುಳ್ಳ ಪ್ರಾಣಿಗಳು ಭೂಮಿಯ ಮೇಲೆ ಹರಡುವುದಕ್ಕೂ ಮುಂಚೆ, ಅಂದರೆ ೫೪ ಕೋಟಿ ವರ್ಷಗಳಿಗಿಂತಲೂ ಹಿಂದೆ, ಇಲ್ಲಿದ್ದ ಆಳವಿಲ್ಲದ ಕಡಲಿನ ತಳದಲ್ಲಿ ಸುಣ್ಣದ ನುಣ್ಣನೆಯ ಕೆಸರು ಪದರಪದರವಾಗಿ ಕುಳಿತು ಗಟ್ಟಿಯಾಯಿತು. ಭೂವಿಜ್ಞಾನಿಗಳು ಈ ಶಿಲೆಗಳಿಗೆ ಭೀಮಾ ನದಿಯ ಹೆಸರನ್ನೇ ಕೊಟ್ಟಿದ್ದಾರೆ. ರಾಬರ್ಟ್ ಬ್ರೂಸ್ ಫೂಟ್ ಅವರು ೧೮೭೬ರಲ್ಲಿ ದಕ್ಷಿಣ ಮರಾಠಾ ಸೀಮೆಯ ಭೂರಚನೆಯ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಇವುಗಳ ವಿವರಣೆಯಿದೆ.

ಪದರಗಳ ನಡುವೆ ತೆಳುವಾದ ಜೇಡಿಯ ಗೆರೆಗಳಿರುವುದರಿಂದ ಈ ಕಲ್ಲು ಉಳಿಯ ಪೆಟ್ಟಿಗೆ ಹಲಗೆ ಹಲಗೆಯಾಗಿ ಬಿಚ್ಚಿಕೊಳ್ಳುತ್ತದೆ. ಆಳಂದದ ಕರಿಕಲ್ಲಿಗೆ ಈ ಗುಣವಿಲ್ಲ. ಅದು ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಆರಿ ಹುಟ್ಟಿದ ಬಸಾಲ್ಟ್. ಗೋಡೆಗೆ ಅದು ಒಳ್ಳೆಯದು; ನೆಲಕ್ಕೆ ಹಾಸಲು ಬೇಕಾದ ಹಲಗೆ ಅದರಿಂದ ಸುಲಭವಾಗಿ ಏಳುವುದಿಲ್ಲ.

ದೋಷ ಕಲ್ಲಿನದೆ, ಬುನಾದಿಯದೆ?

ಆ ಬಸಾಲ್ಟೇ ಶಿಥಿಲವಾಗಿ ನಮ್ಮ ಎರೆಮಣ್ಣಾಗಿದೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಖನಿಜವು ತನ್ನ ಸೂಕ್ಷ್ಮವಾದ ಹಾಳೆಗಳ ನಡುವೆ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯ ಹೊಲದಲ್ಲಿ ಕೈ ತೂರುವಷ್ಟು ಬಿರುಕುಗಳನ್ನು ನೀವು ಕಂಡಿರಬಹುದು. ಮನೆಯ ನೆಲದ ಕೆಳಗೂ ಅದೇ ಮಣ್ಣಿದ್ದರೆ ಅಲ್ಲಿಯೂ ಅದೇ ಆಟ ನಡೆಯುತ್ತದೆ. ಹಾಗಿರುವಾಗ ಮೇಲಿನ ಕಲ್ಲು ಅಲುಗಾಡದೆ ಏನು ಮಾಡೀತು?

ತೇವದ ಕಥೆಯೂ ಇಂಥದೇ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವಂತೆ ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಮೇಲಕ್ಕೆ ಎಳೆಯುತ್ತವೆ. ಇದಕ್ಕೆ ಲೋಮನಾಳ ಕ್ರಿಯೆ ಎಂದು ಹೆಸರು. ಹಳೆಯ ನೆಲದಲ್ಲಿ ಈ ತೇವವು ಸುಣ್ಣದ ಸಂದುಗಳ ಮೂಲಕ ಆವಿಯಾಗಿ ಹೋಗುತ್ತದೆ. ಈಗಿನ ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇಕಡಾ ಅರ್ಧದಷ್ಟು ನೀರನ್ನೂ ಹೀರುವುದಿಲ್ಲ. ಅದನ್ನು ಸಿಮೆಂಟಿನಿಂದ ಬಿಗಿದರೆ ನೆಲದ ಬಾಗಿಲು ಮುಚ್ಚಿದಂತಾಗಿ ತೇವವು ಗೋಡೆಯನ್ನು ಏರಬಹುದು. ಗೋಡೆಯ ಬುಡದಲ್ಲಿ ಬಿಳಿಯ ಲವಣ ಮೂಡಿ ಗಿಲಾವು ಉದುರಲು ಇದೂ ಒಂದು ಕಾರಣ. ಕೆಳಗಿನ ಮಣ್ಣು ಉಬ್ಬುತ್ತಲೇ ಇದ್ದರೆ ಟೈಲ್ಸೂ ಸೀಳುತ್ತದೆ. ತಂಪಿನ ವಿಷಯದಲ್ಲಿ ಮಾತ್ರ ಟೈಲ್ಸನ್ನು ದೂರುವಂತಿಲ್ಲ. ಎರಡೂ ಮೈಯ ಶಾಖವನ್ನು ಬೇಗ ಸೆಳೆದು ಕೆಳಗಿನ ನೆಲಕ್ಕೆ ಸಾಗಿಸುವುದರಿಂದ ಎರಡೂ ತಣ್ಣಗಿರುತ್ತವೆ.

ನಿಮ್ಮ ಮನೆಯ ತೇವ ಎಲ್ಲಿಂದ ಬರುತ್ತದೆಂದು ತಿಳಿಯಲು ಸರಳವಾದ ಪರೀಕ್ಷೆಯಿದೆ. ಒಂದು ಮೊಳ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಒಣ ನೆಲದ ಮೇಲೆ ಹರಡಿ ಅಂಚುಗಳನ್ನು ಪಟ್ಟಿಯಿಂದ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಹನಿಗಳಿದ್ದರೆ ನೀರು ನೆಲದಿಂದ ಬರುತ್ತಿದೆ. ಮೇಲೆ ಇದ್ದರೆ ಗಾಳಿಯಿಂದ.

ದುರಸ್ತಿಯ ಕ್ರಮ

ಮೊದಲು ಬಚ್ಚಲಿನ ಮತ್ತು ಮಾಳಿಗೆಯ ನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಮಾಡಬೇಕು. ಬಳಿಕ ಕಲ್ಲುಗಳಿಗೆ ಸೀಮೆಸುಣ್ಣದಿಂದ ಅಂಕೆ ಹಾಕಿ, ನಕ್ಷೆ ಬರೆದುಕೊಂಡು, ಹಾರೆಯಿಂದ ಒಂದೊಂದಾಗಿ ಮೆಲ್ಲನೆ ಎಬ್ಬಿಸಬೇಕು. ಸಂದು ಬಿಚ್ಚಿದರೆ ಹೆಚ್ಚಿನ ಕಲ್ಲುಗಳು ಇಡಿಯಾಗಿಯೇ ಬರುತ್ತವೆ. ಕೆಳಗಿನ ಎರೆಮಣ್ಣನ್ನು ಸಾಧ್ಯವಾದಷ್ಟು ತೆಗೆದು, ಉಬ್ಬದ ಗರಸು ಮಣ್ಣನ್ನು ಪದರಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಅದರ ಮೇಲೆ ಪುಡಿಯಿಲ್ಲದ ದಪ್ಪ ಜಲ್ಲಿಯ ಪದರವಿರಲಿ. ಅದರ ಎಡೆಗಳು ದೊಡ್ಡವಾದ್ದರಿಂದ ನೀರು ಬತ್ತಿಯಂತೆ ಏರಲಾರದು. ಅನಂತರ ಸುಣ್ಣ ಮತ್ತು ಮರಳಿನ ಗಾರೆಯಲ್ಲಿ ಗೌಂಡಿಯು ರಸಮಟ್ಟ ಹಿಡಿದು ಅವೇ ಕಲ್ಲುಗಳನ್ನು ಮತ್ತೆ ಕೂರಿಸಬಹುದು. ಪದರ ಬಿಟ್ಟು ಚಕ್ಕೆ ಏಳುವ ಕಲ್ಲನ್ನು ಮಾತ್ರ ಬದಲಿಸಿದರೆ ಸಾಕು.

ಹೊಳಪಿನ ಮಾತು ಕೊನೆಯದು. ಸುಣ್ಣಕಲ್ಲಿನ ಕಠಿಣತೆ ಮೋಸ್ ಮಾಪನದಲ್ಲಿ ಸುಮಾರು ೩. ಚಪ್ಪಲಿಗೆ ಅಂಟಿ ಬರುವ ಮರಳಿನದು ೭. ಹಳೆಯ ನೆಲ ಮಂಕಾಗುವುದು ಬಹುಮಟ್ಟಿಗೆ ಈ ಗೀರುಗಳಿಂದ. ಒರಟಿನಿಂದ ನುಣುಪಿನವರೆಗಿನ ಸಾಣೆಕಲ್ಲುಗಳನ್ನು ಕ್ರಮವಾಗಿ ಬಳಸಿ, ನೀರು ಹಾಕುತ್ತ ಯಂತ್ರದಿಂದ ಉಜ್ಜಿದರೆ ಗೀರುಗಳು ಅಳಿದು ಮೈ ನಯವಾಗುತ್ತದೆ, ಧೂಳೂ ಏಳುವುದಿಲ್ಲ. ಬಚ್ಚಲಿನ ನೆಲವನ್ನು ಮಾತ್ರ ಒರಟಾಗಿಯೇ ಬಿಡುವುದು ಲೇಸು. ನುಣುಪಾದ ನೆಲ ನೆನೆದರೆ ಜಾರುತ್ತದೆ.

ಆದರೆ ಕೆಲಸ ಮುಗಿದ ಮೇಲೆ ಸಿಮೆಂಟಿನ ಕಲೆ ತೆಗೆಯಲು ‘ಆ್ಯಸಿಡ್ ಹಾಕಿ ತೊಳೆಯೋಣ’ ಎಂದು ಯಾರಾದರೂ ಹೇಳಿದರೆ ತಡೆಯಿರಿ. ಈ ಕಲ್ಲಿನ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಹೈಡ್ರೊಕ್ಲೋರಿಕ್ ಆಮ್ಲವು ಅದನ್ನು ಕರಗಿಸಿ ಇಂಗಾಲದ ಡೈ ಆಕ್ಸೈಡನ್ನು ಹೊರಡಿಸುತ್ತದೆ. ನುರೆಯೆದ್ದಂತೆಲ್ಲ ಕಲ್ಲಿನ ಮೈ ಸವೆಯುತ್ತದೆ. ನಂಬಿಕೆ ಬಾರದಿದ್ದರೆ ಮುರಿದ ಫರಸಿಯ ಚೂರೊಂದರ ಮೇಲೆ ನಿಂಬೆಯ ರಸವನ್ನು ಹಿಂಡಿ, ಕೆಲವು ತಾಸು ಬಿಟ್ಟು ತೊಳೆದು ನೋಡಿರಿ. ರಸ ಬಿದ್ದಲ್ಲಿ ಹೊಳಪು ಹೋಗಿರುತ್ತದೆ. ಹುಣಸೆ, ಮಜ್ಜಿಗೆಗಳು ಚೆಲ್ಲಿದರೆ ಕೂಡಲೇ ಒರೆಸಬೇಕೆನ್ನುವ ಅಜ್ಜಿಯ ಮಾತಿನ ಹಿಂದಿರುವ ರಸಾಯನವೂ ಇದೇ.

ಅಲುಗಾಡುವ ನೆಲವನ್ನು ಕಂಡು ಕಲ್ಲು ಹಳತಾಯಿತೆಂದು ತೀರ್ಮಾನಿಸುವುದು ಸುಲಭ. ಕೋಟ್ಯಂತರ ವರ್ಷ ಬಾಳಿದ ಕಲ್ಲಿಗೆ ನಮ್ಮ ಅಜ್ಜಂದಿರ ಕಾಲವೆಷ್ಟರದು! ದಣಿದಿರುವುದು ಕೆಳಗಿನ ಮಣ್ಣು. ಮುಂದಿನ ಬಾರಿ ಮನೆಯಲ್ಲಿ ನೆಲದ ಮಾತು ಬಂದಾಗ, ಮೂಲೆಯ ಒಂದು ಕಲ್ಲನ್ನೆತ್ತಿ ಕೆಳಗೇನಿದೆ ಎಂದು ಮೊದಲು ನೋಡಿರಿ. ಟೈಲ್ಸಿನ ಲೆಕ್ಕವನ್ನು ಆಮೇಲೆ ಹಾಕಬಹುದು.