ತಮಟೆಯೂ ಹೊಸ ಅಲೆಯೂ

ಕೆಲವು ವರ್ಷಗಳ ಹಿಂದೆ ಸ್ಟಾಕ್‌ಹೋಮ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ, ಒಂದು ಸಂಜೆ ಮೊಮ್ಮಗ ಹಳೆಯ ಧ್ವನಿಮುದ್ರಿಕೆಯೊಂದನ್ನು ಹಾಕಿದ. ಗಿಟಾರು, ಡ್ರಮ್ಮು, ಅವೆರಡನ್ನೂ ಮೀರಿಸಿ ಅರಚುವ ಒಂದು ಕಂಠ. ಕೂತವರು ಸರಿಯಾಗಿ ಕಿವಿಗೊಡುವಷ್ಟರಲ್ಲಿ ಹಾಡು ಮುಗಿದೇ ಹೋಯಿತು. ಇದೆಂಥ ಸಂಗೀತವಪ್ಪಾ ಎಂದು ನಾನು ಕೇಳಿದೆನಾದರೂ, ನನ್ನ ಬೆರಳುಗಳು ಆಗಲೇ ಕುರ್ಚಿಯ ತೋಳಿನ ಮೇಲೆ ಆಡತೊಡಗಿದ್ದವು. ಅಂಬಾಜಿದುರ್ಗದ ತಪ್ಪಲಿನ ನಮ್ಮ ಕೇರಿಯ ತಮಟೆ ಅಷ್ಟು ದೂರದಲ್ಲಿ ನೆನಪಾದದ್ದು ಏತಕ್ಕೆ ಎಂಬುದನ್ನೇ ಇಂದು ತಮ್ಮ ಮುಂದೆ ವಿಚಾರಿಸಬೇಕೆಂದಿದ್ದೇನೆ.

ಆ ಹಾಡು ಎಬ್ಬಾ ಗ್ರೋನ್ ಎಂಬ ತಂಡದ್ದು. ಸ್ಟಾಕ್‌ಹೋಮಿನ ಹೊರಬಡಾವಣೆಯಾದ ರೋಗ್ಸ್‌ವೇದಿನ ಹುಡುಗರು 1977ರಲ್ಲಿ ಕಟ್ಟಿಕೊಂಡ ತಂಡ. ಪಂಕ್ ಎಂಬ ಈ ಸಂಗೀತ ನ್ಯೂಯಾರ್ಕ್, ಲಂಡನ್ನುಗಳಲ್ಲಿ ಹುಟ್ಟಿದ್ದು. ಅದೇ 1977ರ ಜುಲೈನಲ್ಲಿ ಇಂಗ್ಲೆಂಡಿನ ಸೆಕ್ಸ್ ಪಿಸ್ಟಲ್ಸ್ ತಂಡದವರು ಡೆನ್ಮಾರ್ಕ್, ಸ್ವೀಡನ್, ನಾರ್ವೆಗಳಲ್ಲಿ ಹಾಡಿ ಹೋದರು. ಸಂಗೀತ ಕಲಿಯದ ಹುಡುಗರು ಮೂರು ಸ್ವರಮೇಳಗಳನ್ನು ಹೇಗೋ ಕೈಗೆ ತಂದುಕೊಂಡು ವೇದಿಕೆ ಏರಬಹುದು ಎಂಬ ಧೈರ್ಯ ಅಲ್ಲಿಯವರಿಗೆ ಅದರಿಂದ ಬಂದಿತು. ಫಿನ್‌ಲೆಂಡಿನ ಎಪ್ಪು ನಾರ್ಮಾಲಿ ತಂಡದವರು ಫಿನ್ನಿಷ್ ಭಾಷೆಯಲ್ಲೇ ಹಾಡಿದರು. ಎಬ್ಬಾ ಗ್ರೋನಿನವರು ಸ್ವೀಡಿಷ್ ಭಾಷೆಯಲ್ಲಿ. ರಾಕ್ ಸಂಗೀತವೆಂದರೆ ಇಂಗ್ಲಿಷೇ ಎಂದು ಬಹುಮಂದಿ ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಐಸ್‌ಲೆಂಡಿನಲ್ಲಿ ಈ ತಂಡಗಳನ್ನು ಕುರಿತು 1982ರಲ್ಲಿ ಸಾಕ್ಷ್ಯಚಿತ್ರವೊಂದು ಬಂದಿತು. ಮುಂದೆ ಜಗತ್ತೆಲ್ಲ ಬಲ್ಲ ಗಾಯಕಿಯಾದ ಬ್ಯೋರ್ಕ್ ಅದರಲ್ಲಿ ಹದಿಹರೆಯದ ಹುಡುಗಿ. ಹೊಸ ಅಲೆ ಎಂದೊಡನೆ ನಮ್ಮವರಿಗೆ ಸಿನಿಮಾ ನೆನಪಾಗುತ್ತದೆ. ಅಲ್ಲಿ ಪಂಕಿನ ಬೆನ್ನಿಗೇ ಬಂದ, ತುಸು ನಯವಾದ ಸಂಗೀತಕ್ಕೆ ಆ ಹೆಸರು.

ಹರಿದ ಅಂಗಿ, ಬಟ್ಟೆಗೆ ಚುಚ್ಚಿಕೊಂಡ ಪಿನ್ನು, ಕೆದರಿದ ಕೂದಲು ಇವೆಲ್ಲ ಆ ಹುಡುಗರು ತಾವೇ ಬಯಸಿ ತೊಟ್ಟ ಅವಮಾನ. ಸಂಜೆ ಮನೆಗೆ ಹೋಗಿ ಕಳಚಿಡಬಹುದಾಗಿತ್ತು. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಆದರೆ ನನ್ನ ತಂದೆಯ ಹೆಗಲಿನ ತಮಟೆ ಅಂಥದಾಗಿರಲಿಲ್ಲ. ಊರಿನಲ್ಲಿ ಸಾವಾದರೆ, ಜಾತ್ರೆಯಾದರೆ, ಡಂಗುರ ಸಾರಬೇಕಾದರೆ ಕರೆ ಬರುತ್ತಿತ್ತು. ಹೋಗದಿರುವಂತಿರಲಿಲ್ಲ. ಸುಗ್ಗಿಯಲ್ಲಿ ಒಂದಿಷ್ಟು ರಾಗಿ ಕೊಟ್ಟರೆ ಅದೇ ಸಂಬಳ. ನಾನು ಮಾಧ್ಯಮಿಕ ಶಾಲೆಗೆ ಸೇರಿದ ವರ್ಷ ಅವರು ಇನ್ನು ಬಡಿಯುವುದಿಲ್ಲ ಎಂದರು. ಆ ವರ್ಷ ನಮ್ಮ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ತಾಯಿ ಮೂರು ಮೈಲಿ ನಡೆದು ಬೇರೆ ಊರಿನಲ್ಲಿ ಕಳೆ ಕೀಳಲು ಹೋಗುತ್ತಿದ್ದಳು. ತಮಟೆ ಅಟ್ಟ ಸೇರಿತು.

ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ರೂಪುಗೊಂಡದ್ದು, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' 1975ರಲ್ಲಿ ಅಚ್ಚಾದದ್ದು, ಅದೇ ವರ್ಷ 'ಸಮುದಾಯ' ತಂಡ ಹುಟ್ಟಿದ್ದು, ಇವೆಲ್ಲ ಸ್ವೀಡನ್ನಿನ ಆ ಹುಡುಗರ ಕಾಲದವೇ. ಅಲ್ಲಿಯವರು ನಕಲು ಯಂತ್ರದಲ್ಲಿ ತಮ್ಮ ಪತ್ರಿಕೆ ತೆಗೆದುಕೊಂಡರೆ, ನಮ್ಮಲ್ಲಿ ಸೈಕ್ಲೋಸ್ಟೈಲ್ ಮಾಡಿದ ಹಾಡಿನ ಹಾಳೆಗಳು ಕೈಯಿಂದ ಕೈಗೆ ದಾಟಿದವು. ನಮ್ಮ ಸೀಮೆಯಲ್ಲಿ ಮನೆಮಾತು ಬಹುಮಟ್ಟಿಗೆ ತೆಲುಗು, ಓದುಬರಹ ಕನ್ನಡ. ಹೀಗಾಗಿ ಗಡಿಯಾಚೆಯ ಗದ್ದರ್ ಅವರ ತೆಲುಗು ಹಾಡುಗಳ ಧಾಟಿಯೂ, ಕೋಲಾರದ ಕೋಟಿಗಾನಹಳ್ಳಿ ರಾಮಯ್ಯನವರ ಕನ್ನಡ ಹಾಡುಗಳೂ ಒಂದೇ ಕಂಠದಲ್ಲಿ ಕೂಡಿಕೊಂಡವು. ಶ್ರುತಿಪೆಟ್ಟಿಗೆ ಎಲ್ಲಿಂದ ತರುವುದು? ಕೇರಿಯಲ್ಲಿ ಇದ್ದದ್ದು ತಮಟೆ ಒಂದೇ.

ಇಲ್ಲಿಯೇ ತೊಡಕು. 1980ರ ಸುಮಾರಿಗೆ ಚಿಂತಾಮಣಿಯಲ್ಲಿ ಒಂದು ಮೆರವಣಿಗೆಯೆಂದು ನಾನು ಅಟ್ಟದಿಂದ ತಮಟೆ ಇಳಿಸಿದಾಗ ತಂದೆ ಕೆರಳಿದರು. "ನಾನು ಹಸ್ಕೊಂಡು ಬಿಟ್ಟಿದ್ದನ್ನ ನೀನು ಓದ್ಕೊಂಡು ಹಿಡೀತೀಯೇನೋ?" ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಳವಳಿಯೊಳಗೂ ಈ ವಾದ ಬಹುಕಾಲ ನಡೆಯಿತು: ಗುಲಾಮಗಿರಿಯ ಗುರುತಾದ ವಾದ್ಯವನ್ನು ಸುಟ್ಟುಬಿಡಬೇಕೆಂದು ಕೆಲವರು, ಯಜಮಾನರ ಕರೆಗೆ ಬಡಿಯದೆ ನಮ್ಮ ಮಾತಿಗೆ ಬಡಿಯೋಣವೆಂದು ಕೆಲವರು. ನಾನು ಎರಡನೆಯವರ ಕಡೆ. ಆದರೂ ಮೊದಲನೆಯವರು ತಪ್ಪೆಂದು ಇಂದಿಗೂ ಹೇಳಲಾರೆ.

ಮೆರವಣಿಗೆಯ ಬೆಳಿಗ್ಗೆ ಅವರೇ ಹುಲ್ಲು ಹೊತ್ತಿಸಿದರು. ಚರ್ಮದ ತಮಟೆ ತಣ್ಣಗಿದ್ದರೆ ದನಿ ಸಡಿಲ. ಉರಿಯ ಮುಂದೆ ಹಿಡಿದು ತಿರುಗಿಸುತ್ತಿದ್ದರೆ ಚರ್ಮ ಬಿಗಿಯುತ್ತದೆ. ಬೆರಳಿನಿಂದ ತಟ್ಟಿ ನೋಡಿ ಸಾಕು ಬೇಕು ತಿಳಿಯುತ್ತಾರೆ. ತುಸು ಹೆಚ್ಚಾದರೆ ಒಡೆಯುತ್ತದೆ. ಬಲಗೈಯ ಮೊಂಡ ಕಡ್ಡಿ ಗಟ್ಟಿ ಪೆಟ್ಟು ಹಾಕಿದರೆ, ಎಡಗೈಯ ತೆಳುವಾದ ಉದ್ದನೆಯ ಕಡ್ಡಿ ನಡುವೆ ಚಿಟಪಟನೆ ತುಂಬುತ್ತ ಹೋಗುತ್ತದೆ. ಎರಡೂ ಕೂಡಿದಾಗ ಹುಟ್ಟುವ ಆತುರವೇ ನಾನು ಸ್ಟಾಕ್‌ಹೋಮಿನಲ್ಲಿ ಕೇಳಿದ್ದು. ತಂದೆ ಮೆರವಣಿಗೆಗೆ ಬರಲಿಲ್ಲ.

ಹಾಡಿನಿಂದ ಹಿಂಸೆ ನಿಂತಿತೆಂದು ನಾನು ಹೇಳಿದರೆ ಅದು ಸುಳ್ಳಾದೀತು. 2000ದ ಮಾರ್ಚ್ 11ರಂದು ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ವಿಚಾರಣಾ ನ್ಯಾಯಾಲಯದಲ್ಲಿ ಆರೋಪಿಗಳು ಖುಲಾಸೆಯಾದರು. ಆ ದಿನಗಳಲ್ಲಿ ಹಾಡಲು ಬಾಯಿ ಬಾರದೆ ಬರಿಯ ತಮಟೆ ಬಡಿದುಕೊಂಡು ನಡೆದವರನ್ನು ನಾನು ಕಂಡಿದ್ದೇನೆ.

ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟದ ಮೇಲೆ 'ಆದಿಮ' ಕೇಂದ್ರದವರು ಹುಣ್ಣಿಮೆಯ ರಾತ್ರಿಗಳಲ್ಲಿ ಹಾಡು, ನಾಟಕಗಳನ್ನು ನಡೆಸಿಕೊಂಡು ಬಂದರು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಸುದ್ದಿ ಕೇಳಿದಾಗ ತಂದೆ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದುಕೊಂಡೆ. ಬಹುಶಃ, ಸಾವಿನ ಮನೆಗೆ ಈಗ ಯಾರು ಬಡಿಯುತ್ತಾರೆ ಎಂದು ಕೇಳುತ್ತಿದ್ದರು. ಈಚೆಗೆ ಚರ್ಮದ ಬದಲು ಫೈಬರ್ ಹಾಳೆ ಬಿಗಿದ ತಮಟೆಗಳು ಬಂದಿವೆ. ಕಾಯಿಸುವ ಗೋಜಿಲ್ಲ, ಮಳೆಗೂ ಹೆದರಬೇಕಿಲ್ಲ. ನಮ್ಮ ಊರಿನ ಹುಡುಗ ಹುಡುಗಿಯರು ಅದರಲ್ಲೇ ಕಲಿಯುತ್ತಿದ್ದಾರೆ. ನನ್ನ ಕಿವಿಗೆ ಅದರ ದನಿ ತುಸು ತೆಳುವು. ಅವರಿಗೆ ಹಾಗೇನೂ ಅನಿಸುವುದಿಲ್ಲವಂತೆ.