ಬೆಂಗಳೂರಿಗೆ ಕಸುಬು ಕಲಿಸಿದ ಹಾರ್ಲೋ ವಿಮಾನ

೨೦೨೪ನೆಯ ಇಸವಿಯ ಅಕ್ಟೋಬರ್ ೨೮ರಂದು ವಡೋದರದಲ್ಲಿ ಒಂದು ವಿಮಾನ ಕಾರ್ಖಾನೆ ಉದ್ಘಾಟನೆಗೊಂಡಿತು. ನಮ್ಮ ವಾಯುಸೇನೆಗೆ ಬೇಕಾದ ೫೬ ಸಿ-೨೯೫ ಸಾಗಾಣಿಕೆ ವಿಮಾನಗಳ ಪೈಕಿ ೧೬ ಸ್ಪೇನ್ ದೇಶದಲ್ಲಿಯೂ, ಉಳಿದ ೪೦ ಟಾಟಾ ಸಂಸ್ಥೆಯವರ ಈ ಕಾರ್ಖಾನೆಯಲ್ಲಿಯೂ ಸಿದ್ಧವಾಗಬೇಕೆಂಬುದು ಒಪ್ಪಂದ. ಇಂಥ ಕಾರ್ಖಾನೆಯ ಮಾತು ಬಂದಾಗಲೆಲ್ಲ ಒಂದು ಆಕ್ಷೇಪವೂ ಏಳುತ್ತದೆ: ಪರದೇಶದವರ ನಕ್ಷೆಯಂತೆ, ಪರದೇಶದ ಭಾಗಗಳನ್ನು ತರಿಸಿ ಜೋಡಿಸುವುದು ಯಾವ ದೊಡ್ಡ ಸಾಧನೆ? ಈ ಆಕ್ಷೇಪಕ್ಕೆ ಉತ್ತರ ಬೆಂಗಳೂರಿನ ಚರಿತ್ರೆಯಲ್ಲಿದೆ. ಅಲ್ಲಿ ಮೊಟ್ಟಮೊದಲು ಜೋಡಣೆಯಾದದ್ದು ಹಾರ್ಲೋ ಎಂಬ ಪುಟ್ಟ ತರಬೇತಿ ವಿಮಾನ. ಆ ಕಾರ್ಖಾನೆಯನ್ನು ಕಟ್ಟಲು ಮುಂದಾದವರು ಒಬ್ಬ ಗುಜರಾತಿ ಮನೆತನದ ಸಾಹಸಿ. ಗುಜರಾತಿನಲ್ಲಿ ನೆಲೆಸಿರುವ ಕನ್ನಡಿಗರಾದ ನಾವು ಇದನ್ನು ತಿಳಿದಿರುವುದು ಉಚಿತ.

ಆ ಕಾಲದ ವಿಮಾನಗಳು ಎಂಥವಾಗಿದ್ದುವೆಂಬುದನ್ನು ಮೊದಲು ನೆನೆಯೋಣ. ೧೯೩೨ರ ಅಕ್ಟೋಬರ್ ೧೫ರಂದು ಶ್ರೀ ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂದೇ ಎಂಜಿನಿನ ವಿಮಾನದಲ್ಲಿ ಕರಾಚಿಯಿಂದ ಅಂಚೆಯನ್ನು ಹೊತ್ತು ಮುಂಬಯಿಗೆ ಹಾರಿದರು. ದಾರಿಯಲ್ಲಿ ಅಹಮದಾಬಾದಿನಲ್ಲಿ ಇಳಿದಾಗ ಅವರ ವಿಮಾನಕ್ಕೆ ಪೆಟ್ರೋಲು ಬಂದದ್ದು ಎತ್ತಿನ ಗಾಡಿಯಲ್ಲಿ! ಮುಂಬಯಿಯಿಂದ ಅದೇ ಅಂಚೆಯನ್ನು ನೆವಿಲ್ ವಿನ್ಸೆಂಟರು ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಹೀಗೆ ಅಹಮದಾಬಾದಿಗೂ ಬಳ್ಳಾರಿಗೂ ಆಕಾಶಮಾರ್ಗದಲ್ಲಿ ನಂಟು ಬೆಳೆಯಿತು. ಅಂದಿನ ಎಷ್ಟೋ ವಿಮಾನಗಳ ಮೈಗೆ ಹೊದಿಕೆ ಬಟ್ಟೆಯೇ. ಸಾವಿರಾರು ಮಂದಿಗೆ ಹಾರಾಟ ಕಲಿಸಿದ ಇಂಗ್ಲೆಂಡಿನ ಟೈಗರ್ ಮಾತ್ ಕೂಡ ಮರ, ಬಟ್ಟೆ, ಉಕ್ಕಿನ ನಳಿಗೆಗಳಿಂದ ಕಟ್ಟಿದ ಎರಡು ಅಂತಸ್ತಿನ ರೆಕ್ಕೆಗಳ ವಿಮಾನ. ೧೯೩೧ರಲ್ಲಿ ಅದರ ಮೊದಲ ಹಾರಾಟ ನಡೆಯಿತು.

ಹಾರ್ಲೋ ವಿಮಾನದ ಜಾತಿ ಬೇರೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಪ್ಯಾಸಡೀನಾ ಜೂನಿಯರ್ ಕಾಲೇಜು ಎಂಬ ವಿದ್ಯಾಲಯವಿದ್ದಿತು. ಅಲ್ಲಿನ ಉಪಾಧ್ಯಾಯರಾಗಿದ್ದ ಮ್ಯಾಕ್ಸ್ ಹಾರ್ಲೋ ಎಂಬವರು, ಪಾಠದ ಅಂಗವಾಗಿ ತಮ್ಮ ವಿದ್ಯಾರ್ಥಿಗಳ ಕೈಯಿಂದಲೇ ಒಂದು ಲೋಹದ ವಿಮಾನವನ್ನು ಕಟ್ಟಿಸಿದರು. ೧೯೩೭ರಲ್ಲಿ ಅದು ಹಾರಿತು. ಕಾಲೇಜಿನ ಹೆಸರಿನ ಮೊದಲಕ್ಷರಗಳನ್ನೇ ತೆಗೆದುಕೊಂಡು ಅದನ್ನು ಪಿ. ಜೆ. ಸಿ.-೧ ಎಂದು ಕರೆದರು. ಇದೇ ವಂಶದಲ್ಲಿ ೧೯೩೯ರ ಹೊತ್ತಿಗೆ ಪಿ. ಸಿ.-೫ ಎಂಬ ತರಬೇತಿ ವಿಮಾನ ಹುಟ್ಟಿತು. ಅದರಲ್ಲಿ ಗುರುವಿಗೂ ಶಿಷ್ಯನಿಗೂ ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವಂತೆ ಎರಡು ಆಸನಗಳು. ವಿದ್ಯಾರ್ಥಿಗಳು ಕಟ್ಟಿದ ವಿಮಾನದ ಸಂತತಿಯೇ ಮುಂದೆ ವಿದ್ಯಾರ್ಥಿಗಳನ್ನು ಹಾರಿಸಲು ಸಿದ್ಧವಾಯಿತು.

ಈ ವಿಮಾನವನ್ನು ಬೆಂಗಳೂರಿಗೆ ಬರಮಾಡಿಕೊಂಡವರು ಶೇಠ್ ವಾಲಚಂದ್ ಹೀರಾಚಂದರು. ಅವರ ಪೂರ್ವಿಕರು ಸೌರಾಷ್ಟ್ರದ ವಾಂಕಾನೇರದವರು. ಅವರು ಹುಟ್ಟಿದ್ದು ೧೮೮೨ರಲ್ಲಿ, ಕನ್ನಡನಾಡಿನ ಗಡಿಗೆ ಅಂಟಿಕೊಂಡಿರುವ ಸೊಲ್ಲಾಪುರದಲ್ಲಿ. ಹಡಗು, ಮೋಟಾರು, ವಿಮಾನ ಮೂರೂ ನಮ್ಮ ದೇಶದಲ್ಲಿಯೇ ತಯಾರಾಗಬೇಕೆಂಬುದು ಅವರ ಹಂಬಲ. ೧೯೩೯ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕದ ಉದ್ಯಮಿಯ ಪರಿಚಯವಾದಾಗ ಆ ಹಂಬಲಕ್ಕೆ ದಾರಿ ತೆರೆಯಿತು. ಮೈಸೂರು ಸಂಸ್ಥಾನವು ಬೆಂಗಳೂರಿನಲ್ಲಿ ೭೦೦ ಎಕರೆ ನೆಲವನ್ನೂ ೨೫ ಲಕ್ಷ ರೂಪಾಯಿಗಳ ಬಂಡವಾಳವನ್ನೂ ಒದಗಿಸಿತು. ಆಗ ಅಲ್ಲಿ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ೧೯೪೦ರ ಡಿಸೆಂಬರ್ ೨೩ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆ ಜನ್ಮತಾಳಿತು.

ವರ್ಷವೂ ತುಂಬುವ ಮೊದಲೇ, ೧೯೪೧ರ ಆಗಸ್ಟ್ ತಿಂಗಳಿನಲ್ಲಿ, ಮೊದಲನೆಯ ಹಾರ್ಲೋ ಸಿದ್ಧವಾಯಿತು. ಭಾಗಗಳು ಅಮೆರಿಕದಿಂದ ಬಂದವುಗಳೇ, ನಿಜ. ಆದರೆ ಲೋಹದ ವಿಮಾನವನ್ನು ಜೋಡಿಸುವುದು ಮಂಚಕ್ಕೆ ಕಾಲು ಸೇರಿಸುವಂಥ ಕೆಲಸವಲ್ಲ. ತೆಳುವಾದ ಎರಡು ತಗಡುಗಳನ್ನು ಒಂದರ ಮೇಲೊಂದು ಕೂಡಿಸಿ, ಕೂದಲೆಳೆಯಷ್ಟೂ ಓರೆಯಾಗದಂತೆ ತೂತು ಕೊರೆದು, ರಿವೆಟ್ಟನ್ನು ಹೊಗಿಸಿ, ಒಬ್ಬನು ಒಂದು ಕಡೆಯಿಂದ ಬಡಿಯುವಾಗ ಇನ್ನೊಬ್ಬನು ಮತ್ತೊಂದು ಕಡೆಯಿಂದ ಉಕ್ಕಿನ ತುಂಡನ್ನು ಒತ್ತಿ ಹಿಡಿಯಬೇಕು. ಬಡಿತ ಹೆಚ್ಚಾದರೆ ತಗಡು ಸೀಳುತ್ತದೆ, ಕಡಮೆಯಾದರೆ ರಿವೆಟ್ಟು ಸಡಿಲವಾಗುತ್ತದೆ. ಅಂಥ ಒಂದು ರಿವೆಟ್ಟಿನ ಮೇಲೆಯೂ ಹಾರುವವನ ಪ್ರಾಣ ನಿಂತಿರುತ್ತದೆ. ಈ ಶಿಸ್ತನ್ನು ಪುಸ್ತಕದಿಂದ ಕಲಿಯಲಾಗದು, ಕೈ ಕಲಿಯಬೇಕು. ಬೆಂಗಳೂರಿನ ಕೈಗಳು ಅದನ್ನು ಕಲಿಯತೊಡಗಿದ್ದು ಹಾರ್ಲೋವಿನ ಮೇಲೆ. ತರಬೇತಿ ವಿಮಾನವು ಹಾರುವವರಿಗಿಂತ ಮುಂಚೆ ಕಟ್ಟುವವರಿಗೇ ತರಬೇತಿ ಕೊಟ್ಟಿತು.

ಯುದ್ಧವು ಭಾರತದ ಬಾಗಿಲಿಗೆ ಬಂದಾಗ, ೧೯೪೨ರಲ್ಲಿ, ಸರ್ಕಾರವು ಕಾರ್ಖಾನೆಯನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ತಾವು ನೆಟ್ಟ ಸಸಿ ಚಿಗುರುವಷ್ಟರಲ್ಲಿಯೇ ವಾಲಚಂದರು ಅದನ್ನು ಬಿಟ್ಟುಕೊಡಬೇಕಾಯಿತು. ಮರುವರ್ಷ ಅದು ಅಮೆರಿಕದ ಸೈನ್ಯದ ದುರಸ್ತಿ ಕೇಂದ್ರವಾಯಿತು. ಹೊಸ ವಿಮಾನ ಕಟ್ಟುವ ಕನಸು ಬದಿಗೆ ಸರಿದರೂ, ಕಾರ್ಮಿಕರ ಕೈಗೆ ಬಗೆಬಗೆಯ ವಿಮಾನಗಳು ಬಂದುವು. ಅವುಗಳನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ಕೂಡಿಸುವ ಅಭ್ಯಾಸ ಬೆಳೆಯಿತು.

ಕೈಗೆ ಕಸುಬು ಬಂದರೆ ಸಾಲದು, ನಕ್ಷೆ ಬರೆಯುವ ತಲೆಯೂ ಬೇಕು. ಅದನ್ನು ಒದಗಿಸಿದವರು ಡಾಕ್ಟರ್ ವಿಷ್ಣು ಮಾಧವ ಘಾಟಗೆಯವರು. ಕೊಲ್ಹಾಪುರದ ಸೀಮೆಯಲ್ಲಿ ೧೯೦೮ರಲ್ಲಿ ಹುಟ್ಟಿದ ಇವರು ಜರ್ಮನಿಯ ಗಟ್ಟಿಂಗೆನ್ನಿನಲ್ಲಿ ಪ್ರಾಂಟ್ಲ್ ಎಂಬ ಮಹಾಪಂಡಿತರ ಬಳಿ ವಾಯುಶಾಸ್ತ್ರವನ್ನು ಅಭ್ಯಸಿಸಿ ಬಂದು, ಕಾರ್ಖಾನೆಯ ಆರಂಭಕಾಲದಲ್ಲಿಯೇ ಸೇರಿದ್ದರು. ಸ್ವಾತಂತ್ರ್ಯಾನಂತರ ಬೆಂಗಳೂರು ಇಂಗ್ಲೆಂಡಿನ ಪ್ರೆಂಟಿಸ್ ಎಂಬ ತರಬೇತಿ ವಿಮಾನವನ್ನು ಪರವಾನಗಿಯ ಮೇರೆಗೆ ತಯಾರಿಸಿತು. ಅದಾದ ಮೇಲೆ ಘಾಟಗೆಯವರ ನೇತೃತ್ವದಲ್ಲಿ ನಮ್ಮದೇ ನಕ್ಷೆಯ ಎಚ್. ಟಿ.-೨ ಎಂಬ ತರಬೇತಿ ವಿಮಾನ ರೂಪುಗೊಂಡು, ೧೯೫೧ರ ಆಗಸ್ಟ್ ತಿಂಗಳಿನಲ್ಲಿ ಮೊದಲ ಬಾರಿಗೆ ಹಾರಿತು. ಹಾರ್ಲೋ ಸಿದ್ಧವಾದ ಆಗಸ್ಟಿಗೂ ಈ ಆಗಸ್ಟಿಗೂ ನಡುವೆ ಸರಿಯಾಗಿ ಹತ್ತು ವರ್ಷ!

ಎಚ್. ಟಿ.-೨ರ ಎಂಜಿನು ಮಾತ್ರ ಇಂಗ್ಲೆಂಡಿನದು, ೧೫೫ ಅಶ್ವಶಕ್ತಿಯದು, ಮೈಯೆಲ್ಲ ಲೋಹದ್ದು. ಅಂಥ ೧೫೦ಕ್ಕೂ ಹೆಚ್ಚು ವಿಮಾನಗಳು ಬೆಂಗಳೂರಿನಲ್ಲಿ ತಯಾರಾದುವು. ವಾಯುಸೇನೆಯಲ್ಲಿ ಟೈಗರ್ ಮಾತ್ ವಿಮಾನದ ಸ್ಥಾನವನ್ನು ಅದು ತುಂಬಿತು. ಮೂರು ದಶಕಗಳಿಗೂ ಮೀರಿ ನಮ್ಮ ತರುಣರಿಗೆ ಹಾರಾಟದ ಓಂಕಾರ ತಿದ್ದಿಸಿತು. ೧೯೫೯ರಲ್ಲಿ ಘಾನಾ ದೇಶವು ತನ್ನ ವಾಯುಸೇನೆಯನ್ನು ಕಟ್ಟಲು ಹೊರಟಾಗ, ಭಾರತದ ಶಿಕ್ಷಕರೊಂದಿಗೆ ೧೨ ಎಚ್. ಟಿ.-೨ ವಿಮಾನಗಳೂ ಅಲ್ಲಿಗೆ ಹೋದುವು. ಶಿಷ್ಯನಾಗಿದ್ದ ಬೆಂಗಳೂರು ಇನ್ನೊಂದು ನಾಡಿಗೆ ಗುರುವಾಯಿತು.

ವಾಲಚಂದರು ೧೯೫೩ರ ಏಪ್ರಿಲಿನಲ್ಲಿ ಗುಜರಾತಿನ ಸಿದ್ಧಪುರದಲ್ಲಿ ಕಾಲವಾದರು. ಎಚ್. ಟಿ.-೨ ಹಾರಿದ್ದು ಅವರು ಬದುಕಿರುವಾಗಲೇ. ಆದರೆ ಕಾರ್ಖಾನೆ ಆಗ ಅವರದಾಗಿರಲಿಲ್ಲ. ಹಾಕಿದ ಹಣ ಕೈಬಿಟ್ಟು ಹೋಗಬಹುದು, ಕಲಿತ ಕೈ ನಾಡಿನಲ್ಲಿಯೇ ಉಳಿಯುತ್ತದೆ. ಸೂರತಿನವರಿಗೆ ಇದು ಹೊಸ ಮಾತಲ್ಲ. ಅಲ್ಲಿಯ ಬಡಗಿ ಲವಜಿ ನಸರವಾನಜಿ ವಾಡಿಯಾ ೧೭೩೬ರಲ್ಲಿ ಮುಂಬಯಿಗೆ ತೆರಳಿದಾಗ ಹಡಗು ಕಟ್ಟುವ ವಿದ್ಯೆಯನ್ನೂ ಜೊತೆಗೆ ಒಯ್ದನು. ಅವನ ವಂಶದವರು ಒಂದು ಶತಮಾನಕ್ಕೂ ಮೀರಿ ಮುಂಬಯಿಯಲ್ಲಿ ಹಡಗುಗಳನ್ನು ಕಟ್ಟಿದರು.

ಆದುದರಿಂದ ವಡೋದರದಲ್ಲಿ ಇಂದು ನಡೆಯುವುದು ಬರಿಯ ಜೋಡಣೆಯೆಂದು ಹಗುರವಾಗಿ ಆಡುವವರ ಮಾತನ್ನು ನಾವು ಒಪ್ಪಲಾರೆವು. ಜೋಡಣೆಯಲ್ಲಿಯೇ ನಿಂತುಬಿಟ್ಟರೆ ಮಾತ್ರ ಆ ಮಾತು ನಿಜವಾದೀತು. ಬೆಂಗಳೂರು ನಿಲ್ಲಲಿಲ್ಲ, ಕಾರ್ಮಿಕನ ಕೈಗೂ ಘಾಟಗೆಯಂಥವರ ಲೇಖನಿಗೂ ಅಲ್ಲಿ ಒಟ್ಟಿಗೆ ಕೆಲಸ ಸಿಕ್ಕಿತು. ವಡೋದರದಲ್ಲಿಯೂ ನಕ್ಷೆ ಬರೆಯುವವರಿಗೆ ಎಡೆಯಾಗುವುದೇ ಎಂಬುದನ್ನು ಮುಂದಿನ ಹತ್ತು ವರ್ಷ ಹೇಳಬೇಕು. ಹೋಟೆಲಿನಲ್ಲಿ ದುಡಿಯುತ್ತಲೋ ಕಚೇರಿಯಲ್ಲಿ ಲೆಕ್ಕ ಬರೆಯುತ್ತಲೋ ಮಕ್ಕಳನ್ನು ಓದಿಸುತ್ತಿರುವ ನಮ್ಮವರು ಈ ಮೂರು ಊರುಗಳಲ್ಲಿಯೂ ಇದ್ದಾರೆ. ಮಗನೋ ಮಗಳೋ ಕೈಗಾರಿಕಾ ಶಾಲೆಗೆ ಸೇರುತ್ತೇನೆಂದರೆ ಅದನ್ನು ಕಡಮೆಯ ವಿದ್ಯೆಯೆಂದು ತಳ್ಳಿಹಾಕದಿರಲಿ ಎಂಬುದೇ ನಮ್ಮ ವಿಜ್ಞಾಪನೆ.